ಮಣ್ಣಿನ ಲಡಿ ತಿರುಗಿಸಿದ ಚೌಡಕ್ಕ

ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಕೆಲಸ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ರೇಷ್ಮೆ ಬೇಯಿಸಿಕೊಡುವವರ ಮನೆಗೆ ನೇಕಾರರು ಬರುತ್ತಾರೆ. ಹಗ್ಗದ ಮೇಲೆ ಒಣಗಿದ ನೂಲಿನ ಲಡಿಯೊಂದನ್ನು ಎತ್ತಿ ಮೊದಲು ಮೂಗಿಗೆ ಹಿಡಿಯುತ್ತಾರೆ, ಆಮೇಲೆ ಕೆನ್ನೆಗೆ ಒತ್ತಿಕೊಳ್ಳುತ್ತಾರೆ. ಮನಸ್ಸಿಗೆ ಬಂದರೆ ಹೆಗಲ ಮೇಲೆ ಹಾಕಿಕೊಳ್ಳುತ್ತಾರೆ. ಬರದಿದ್ದರೆ ಎತ್ತಿದ ಜಾಗದಲ್ಲೇ ಇಟ್ಟು, ಬಿಸಿಲಿನ ಬಗ್ಗೆ ಎರಡು ಮಾತಾಡಿ ಎದ್ದುಹೋಗುತ್ತಾರೆ. ಹೊಗಳಿಕೆಯಲ್ಲಿ ಇಷ್ಟು ಜಿಪುಣರಾದ ಜನ ಬೇರೆಲ್ಲೂ ಇರಲಾರರು. ಆದರೂ ಚೌಡಕ್ಕನ ಮನೆಯಿಂದ ಲಡಿಯನ್ನು ಹೆಗಲಿಗೇರಿಸದೆ ಹೋದವರು ಎಷ್ಟೋ ವರ್ಷಗಳಿಂದ ಯಾರೂ ಇರಲಿಲ್ಲ.

ಚೌಡೇಶ್ವರಿ ಎಂಬ ಪೂರ್ತಿ ಹೆಸರು ಆಧಾರ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಐವತ್ತು ದಾಟಿದ ಹೆಂಗಸು, ಎತ್ತರದ ಆಳು, ಎತ್ತರದ ದನಿ. ಗಂಡ ಸೂರಪ್ಪ ಮಗ್ಗದ ಗುಂಡಿಯಲ್ಲಿ ಕೂತರೆ ಊಟಕ್ಕೆ ಕೂಗಿದಾಗಲೇ ಏಳುವ ಮನುಷ್ಯ. ಮನೆಯ ಮಾತನ್ನೆಲ್ಲ ಹೆಂಡತಿಗೆ ಗುತ್ತಿಗೆ ಕೊಟ್ಟು ಹಾಯಾಗಿದ್ದಾನೆ. ಚೌಡಕ್ಕನ ಕೆಲಸ ಹಸಿ ರೇಷ್ಮೆಯ ಅಂಟು ತೆಗೆಯುವುದು. ಗೂಡಿನಿಂದ ಬಿಚ್ಚಿದ ನೂಲು ಮುಟ್ಟಿದರೆ ಒರಟು, ನೋಡಿದರೆ ಮಾಸಲು. ಅದನ್ನು ಸೋಪು, ಸೋಡಾ ಕರಗಿಸಿದ ನೀರಿನಲ್ಲಿ, ಕೊಳೆಯಾದ ನೀರು ಬದಲಿಸುತ್ತ ಹದವಾಗಿ ಬೇಯಿಸಿ, ತಿಳಿನೀರಿನಲ್ಲಿ ಜಾಲಿಸಿ ಹಿಂಡಿದರೆ ಆಗ ಒಳಗಿನ ಹೊಳಪು ಹೊರಗೆ ಬರುತ್ತದೆ. ಬಣ್ಣ, ಜರಿ, ಬುಟ್ಟಾ, ಮದುಮಗಳ ಮುಖದ ಕಳೆ, ಎಲ್ಲ ಆಮೇಲಿನ ಮಾತು.

ಹದ ಅಂದರೆ ನಿಲ್ಲಿಸುವುದು ಯಾವಾಗ ಎಂದು ತಿಳಿಯುವುದು. ಕಡಿಮೆ ಬೆಂದರೆ ಅಂಟು ಉಳಿಯುತ್ತದೆ, ಬಣ್ಣ ಹತ್ತುವುದಿಲ್ಲ. ಹೆಚ್ಚು ಬೆಂದರೆ ಎಳೆ ನವಿರೆದ್ದು ಹಾಳಾಗುತ್ತದೆ. ಆಂಧ್ರ ಗಡಿಯಾಚೆಯ ರಾಯದುರ್ಗದ ಕಡೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಚೌಡಕ್ಕ ತನ್ನ ಮೊದಲ ಲಡಿಯನ್ನು ಹೀಗೇ ಹಾಳುಮಾಡಿದ್ದಳು. ಅತ್ತೆ ಹೊನ್ನಕ್ಕ ಬೈಯಲಿಲ್ಲ, ಹೊಡೆಯಲಿಲ್ಲ. ಆ ಲಡಿಯನ್ನು ಒಲೆಯ ಮನೆಯ ತೊಲೆಗೆ ಕಟ್ಟಿಸಿ, "ದಿನಾ ನೋಡ್ಕಂಡು ಒಲೆ ಹಚ್ಚು" ಎಂದಳು. ಅತ್ತೆ ಹೋಗಿ ಎಷ್ಟೋ ಕಾಲವಾದರೂ ಲಡಿ ಈಗಲೂ ಅಲ್ಲೇ ಇದೆ, ಹೊಗೆ ಕುಡಿದು ಮುದುಕಿಯ ಜಡೆಯಂತೆ ತೂಗುತ್ತದೆ. ಅದನ್ನು ನೋಡಿದಾಗಲೆಲ್ಲ ಚೌಡಕ್ಕನಿಗೆ ಒಂದೇ ಬುದ್ಧಿ: ನೀರು ತಿಳಿಯಾಯಿತೋ, ಒಲೆಯ ಬೆಂಕಿ ಎಳೆ. ಈ ಬುದ್ಧಿಯೇ ಮುಂದೆ ಅವಳ ಕಾಲಿಗೆ ತೊಡರಿಕೊಂಡಿತು.

ಇಷ್ಟೆಲ್ಲ ಕೈಚಳಕದ ಹಿಂದೆ ಒಂದು ಬಾವಿ ಇತ್ತು. ಮೊಳಕಾಲ್ಮೂರಿನ ಸುತ್ತ ಬಂಡೆಗುಡ್ಡ. ಬೋರು ಕೊರೆದರೆ ಬರುವುದು ಗಡಸು ನೀರು. ಆ ನೀರಿನಲ್ಲಿ ಸೋಪು ಒಡೆದು ಮೊಸರಾಗಿ ನೂಲಿಗೆ ಮೆತ್ತಿಕೊಳ್ಳುತ್ತದೆ. ಆದರೆ ಚೌಡಕ್ಕನ ಹಿತ್ತಲ ಕಲ್ಲು ಕಟ್ಟಿದ ಬಾವಿಯಲ್ಲಿ ಮಾತ್ರ ಮೇಲಿನ ಮರಳು ಪದರದಿಂದ ಇಳಿದ ಸೀನೀರು. ಗಡಿಯಾಚೆಯ ಅಂಗಡಿಯವರೂ ಸೀರೆಯನ್ನು ಬೆಳಕಿಗೆ ಹಿಡಿದು "ಇದಿ ಆ ಬಾವಿ ನೀಳ್ಳು", ಅಂದರೆ ಇದು ಆ ಬಾವಿಯ ನೀರೇ, ಎಂದು ತೆಲುಗಿನಲ್ಲಿ ಹೇಳುತ್ತಿದ್ದರಂತೆ. ಈ ಮಾತನ್ನು ಚೌಡಕ್ಕ ತಾನೇ ಊರಿಗೆಲ್ಲ ಹೇಳಿದ್ದರಿಂದ ಸ್ವಲ್ಪ ಕಡಿಮೆ ಮಾಡಿಕೊಂಡು ನಂಬಬೇಕು.

ಕಳೆದ ವರ್ಷ ಮದುವೆ ಕಾಲ ಮುಗಿಯುತ್ತಿದ್ದಾಗ ದ್ಯಾಮಮ್ಮ ಬಂದಳು. ಬೀದಿಯಲ್ಲಿ ಎಲ್ಲರಿಗಿಂತ ಹಿರಿಯಳು, ಸೊಸೆಯಂದಿರಿಗೆಲ್ಲ ಅತ್ತೆ, ಮನೆಯಲ್ಲಿ ಸಾಲು ಮಗ್ಗ, ನಾಲಿಗೆಯಲ್ಲಿ ಸಾಲು ಸೂಜಿ. ಹಿಂದಿನ ದಿನ ಹೆಗಲಿಗೆ ಹಾಕಿಕೊಂಡು ಹೋಗಿದ್ದ ಲಡಿಯನ್ನು ಹೆಗಲಿನಿಂದ ಇಳಿಸಿ ಚೌಡಕ್ಕನ ಹೊಸ್ತಿಲ ಮೇಲಿಟ್ಟಳು. ಹೆಗಲೇರಿದ್ದು ಹೀಗೆ ಇಳಿದದ್ದನ್ನು ಆ ಬೀದಿ ಕಂಡಿರಲಿಲ್ಲ.

"ಯಾಕತ್ತೆ?" ಎಂದಳು ಚೌಡಕ್ಕ.

"ನೀನೇ ಮೂಸಿ ನೋಡು."

ಚೌಡಕ್ಕ ಮೂಗಿಗೆ ಹಿಡಿದಳು. ಲಾರಿಯ ಹಿಂದೆ ನಿಂತಾಗ ಬಡಿಯುವ ವಾಸನೆ. ಓಡಿಹೋಗಿ ಬಾವಿಯಿಂದ ಒಂದು ಕೊಡ ಸೇದಿದಳು. ನೀರಿನ ಮೇಲೆ ಏಳು ಬಣ್ಣದ ತೆಳು ಪೊರೆ ಆಡುತ್ತಿತ್ತು. "ಛೀ, ಪಾಡು ವಾಸನ!" ಎಂದು ತವರಿನ ತೆಲುಗಿನಲ್ಲಿ ಉಗಿದು ಕೊಡವನ್ನೇ ಎಸೆದಳು. ಅಡ್ಡ ಓಣಿಯಾಚೆಗಿರುವ ಲಾರಿ ಶೆಡ್ಡಿನ ಕಡೆ ಅವಳ ಕಣ್ಣು ತಿರುಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಶೆಡ್ಡು ಚಳ್ಳಕೆರೆಯ ಜಂಬುಲಿಂಗಪ್ಪನದು. ಅವನದು ತಲೆಮಾರುಗಳಿಂದ ಶೇಂಗಾ ಎಣ್ಣೆ ಗಾಣದ ಮನೆತನ. ಈ ಕಡೆಯಿಂದ ಶೇಂಗಾ ಸಾಗಿಸುವ ಲಾರಿಗಳಿಗೆಂದು ಅವನ ತಂದೆಯ ಕಾಲದಲ್ಲಿ ಶೆಡ್ಡಿನ ನೆಲದಡಿ ಡೀಸೆಲ್ ಟ್ಯಾಂಕ್ ಹೂಳಿದ್ದರು. ಅದರ ತಳ ತುಕ್ಕು ತಿಂದು ಎಷ್ಟು ಕಾಲದಿಂದ ಸೋರುತ್ತಿತ್ತೋ ಭೂಮಿತಾಯಿಗೇ ಗೊತ್ತು. ಸುದ್ದಿ ತಿಳಿದ ಜಂಬುಲಿಂಗಪ್ಪ ಕಾರಿನಲ್ಲಿ ಬಂದಿಳಿದ. ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಮುಖ ಮಾತ್ರ ಹುಳ್ಳಗೆ.

"ಸಾವ್ಕಾರ್ರೇ, ಎಣ್ಣೆ ಊರಿನೋರು ನೀವು. ನಿಮ್ ಎಣ್ಣೆ ಎಲ್ಲಿಗೋಗ್ತೈತೆ ಅಂತ ನಿಮಗೇ ಗೊತ್ತಾಗ್ಲಿಲ್ವಾ?" ಎಂದಳು ಚೌಡಕ್ಕ. ಇನ್ನೂ ಏನೇನೋ ಅಂದಳು. ಅವನ್ನೆಲ್ಲ ಇಲ್ಲಿ ಬರೆಯುವುದು ಬೇಡ, ಕೆಲವು ತೆಲುಗಿನಲ್ಲಿದ್ದವು.

ಜಂಬುಲಿಂಗಪ್ಪ ಕೇಳಿಸಿಕೊಂಡ. ಕೊನೆಗೆ, "ಬೈಯವ್ವ, ಬೈಯಬೇಕಾದ್ದೇ. ಟ್ಯಾಂಕ್ ಇವತ್ತೇ ಕೀಳಿಸ್ತೀನಿ. ಬಾವಿ ಸರಿ ಮಾಡಿಸೋ ಜವಾಬ್ದಾರಿ ನಂದು" ಎಂದ. ಹೇಳಿದಂತೆ ಟ್ಯಾಂಕು ಮೇಲೆದ್ದಿತು. ಆದರೆ ಮಣ್ಣಿಗಿಳಿದ ಡೀಸೆಲ್ ಮಣ್ಣಲ್ಲೇ ಉಳಿಯಿತು. ಬಾವಿಯನ್ನು ಎಷ್ಟು ಸಲ ಖಾಲಿ ಮಾಡಿದರೂ ಮತ್ತೆ ಅದೇ ಪೊರೆ. ಮಣ್ಣನ್ನೇ ಅಗೆದು ಸಾಗಿಸೋಣವೆಂದರೆ ನಡುವೆ ಮನೆಗಳ ಪಾಯ, ಬಾವಿಯ ಹಳೆಯ ಕಲ್ಲುಕಟ್ಟು. ಒಂದು ಕಲ್ಲು ಜಾರಿದರೆ ಬಾವಿಯೇ ಕುಸಿಯುತ್ತಿತ್ತು.

ಚೌಡಕ್ಕ ಟ್ಯಾಂಕರ್ ನೀರು ತರಿಸಿ ಬೇಯಿಸಿ ನೋಡಿದಳು. ಸೋಪು ಒಡೆದು ನೂಲೆಲ್ಲ ಬೂದು. ದ್ಯಾಮಮ್ಮ ಬಾಗಿಲಲ್ಲೇ ನಿಂತು ನ್ಯಾಯ ಹೇಳಿದಳು: "ಮುಂದಿನ ಮದುವೆ ಕಾಲಕ್ಕೆ ನಿನ್ ಬಾವಿ ಸರಿಹೋದ್ರೆ ಸರಿ ಕಣೇ ಚೌಡಿ. ಇಲ್ದಿದ್ರೆ ಬೀದಿ ಮಂದಿ ಬೇರೆ ಕಡೆ ಬೇಯಿಸ್ಕಂಡು ಬರ್ತಾರೆ. ಒಂದ್ಸಲ ದಾರಿ ಬದಲಾದ್ರೆ ಮತ್ತೆ ಈ ಕಡೆ ಯಾರೂ ಬರಲ್ಲ." ಮಾತಿನಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಚೌಡಕ್ಕನಿಗೆ ಹೆಚ್ಚು ಭಯವಾಯಿತು. ಆ ಸಂಜೆ ತಣ್ಣಗಿನ ಒಲೆಯ ಮುಂದೆ ಕೂತು ಅತ್ತಳು. ಸೂರಪ್ಪ ಮಗ್ಗದಿಂದ ತಾನಾಗಿ ಎದ್ದುಬಂದು ಪಕ್ಕದಲ್ಲಿ ಕೂತ.

ಆಷಾಢದ ಗಾಳಿ ಬೀಸುತ್ತಿದ್ದಾಗ ತ್ರಿವೇಣಿ ಬಂದಳು. ಕೊಂಡ್ಲಹಳ್ಳಿಯ ಹುಡುಗಿ, ಹಾಳಾದ ಮಣ್ಣು-ನೀರು ಸರಿಪಡಿಸುವ ವಿದ್ಯೆ ಓದಿದ ಎಂಜಿನಿಯರು. ಜಂಬುಲಿಂಗಪ್ಪ ಎಲ್ಲೆಲ್ಲೋ ವಿಚಾರಿಸಿ ಕರೆಸಿದ್ದ. ಇಲಾಖೆಯವರೂ ಬಂದು ನೋಡಿ ಒಪ್ಪಿಗೆ ಕೊಟ್ಟಿದ್ದರು. ತ್ರಿವೇಣಿ ಓಣಿಯ ಉದ್ದಕ್ಕೂ ಸಣ್ಣ ಗುಂಡಿ ಕೊರೆಸಿ ಮಣ್ಣು ಮೂಸಿದಳು, ಬಾವಿಯಲ್ಲಿ ಇಣುಕಿದಳು. ಆಮೇಲೆ ಚೌಡಕ್ಕನ ಜಗಲಿಯ ಮೇಲೆ ಕೂತು ಹೇಳಿದಳು:

"ಅಕ್ಕ, ಅಗೆಯೋದು ಬ್ಯಾಡ. ಮಣ್ಣು ಇದ್ದಲ್ಲೇ ಇರ್ಲಿ, ತೊಳೆಯೋಣ."

"ಮಣ್ಣು ತೊಳೀತೀಯಾ? ಏನಾಕಿ ತೊಳೀತೀಯಮ್ಮಾಯಿ?"

"ಸೋಪಿನ ಜಾತಿದೇ ಒಂದು ದ್ರಾವಣ. ಗಡಸು ನೀರಿಗೂ ಒಡೆಯಲ್ಲ, ಆಮೇಲೆ ಮಣ್ಣಲ್ಲಿ ತಾನೇ ಕರಗೋಗ್ತೈತೆ. ಎಣ್ಣೆನ ನೀರು ಹಿಡ್ಕಣಲ್ಲ, ಅಲ್ವಾ? ಇದಕ್ಕೆ ಎರಡು ಕೈ ಇದ್ದಂಗೆ. ಒಂದ್ ಕೈಯಾಗೆ ಡೀಸೆಲ್ ಹಿಡ್ಕಂತೈತೆ, ಇನ್ನೊಂದ್ ಕೈಯಾಗೆ ನೀರು. ಶೆಡ್ ಕಡೆಯಿಂದ ಒಳಕ್ಕೆ ಬಿಡ್ತೀವಿ, ಬಾವಿಗೆ ಮುಟ್ಟೋಕೆ ಮೊದ್ಲೇ ಈ ಕಡೆ ಕೊಳವೆಯಾಗೆ ಎಳ್ಕಂತೀವಿ."

ಚೌಡಕ್ಕ ಕಣ್ಣರಳಿಸಿದಳು. ಅಷ್ಟು ದಿನ ಸತ್ತಂತಿದ್ದ ದನಿ ಎದ್ದು ಕೂತಿತು. "ಅಯ್ಯೋ, ಇದು ನನ್ ಕೆಲಸಾನೇ! ನೂಲಿನ ಅಂಟು ತೆಗಿಯೋ ಬದ್ಲು ಮಣ್ಣಿನ ಅಂಟು ತೆಗೀತೀಯಾ ಅನ್ನು. ಲೇ ಸೂರಪ್ಪಾ, ಕೇಳಿಸ್ಕಂಡ್ಯಾ?" ಗಂಡನನ್ನು ಹೆಸರು ಹಿಡಿದು 'ಲೇ' ಎಂದು ಕೂಗಿದ್ದು ಅಂದೇ ಮೊದಲಂತೆ. ಸೂರಪ್ಪ ಬೆಚ್ಚಿ ಲಾಳಿ ಬೀಳಿಸಿದ.

ಕೆಲಸ ಶುರುವಾಯಿತು. ಶೆಡ್ಡಿನ ಬದಿಯಲ್ಲಿ ಕೊಳವೆಗಳ ಒಂದು ಸಾಲು, ಓಣಿಯ ಎಡಬಲಕ್ಕೆ ಒಂದೊಂದು, ಬಾವಿಯ ಮುಂದೆ ಕಾವಲಿಗೆ ನಿಂತಂತೆ ಕೊನೆಯ ಸಾಲು. ಪಂಪು ನೋಡಿಕೊಳ್ಳಲು ಮುರುಗೇಶ್ ಎಂಬ ಮೆಕ್ಯಾನಿಕ್. ಕರೆಂಟು ಹೋದರೂ ಪಂಪು ನಿಲ್ಲಬಾರದೆಂದು ಜಂಬುಲಿಂಗಪ್ಪ ಜನರೇಟರು ಕಳಿಸಿದ. ಅದು ಡೀಸೆಲ್ಲಿನದು ಎಂದು ತಿಳಿದ ಚೌಡಕ್ಕ ಅದರ ಕೆಳಗೆ ದೊಡ್ಡ ಕಬ್ಬಿಣದ ತಟ್ಟೆ ಇಡಿಸಿ, ದಿನಾ ಬೆಳಿಗ್ಗೆ ಬಗ್ಗಿ ಮೂಸಿ ನೋಡುತ್ತಿದ್ದಳು. ತ್ರಿವೇಣಿ ಮುರುಗೇಶನಿಗೂ ಚೌಡಕ್ಕನಿಗೂ ಒಂದೇ ಮಾತನ್ನು ಒತ್ತಿ ಹೇಳಿದ್ದಳು: "ಏನೇ ನಿಂತ್ರೂ ಬಾವಿ ಮುಂದಿನ ಸಾಲು ಮಾತ್ರ ಎಳೀತಾನೇ ಇರ್ಬೇಕು."

ಮೊದಲ ವಾರ ಮೇಲೆ ಬಂದ ನೀರು ನೋಡಿ ಚೌಡಕ್ಕನಿಗೆ ಹಬ್ಬವೇ ಆಯಿತು. ಕಂದು ಬಣ್ಣ, ಮೇಲೆ ಕೊಳಕು ನೊರೆ, ಥೇಟು ಅವಳ ಹಂಡೆಯ ಮೊದಲ ನೀರು. ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದಳು. ನೀರು ಸಾಲು ತೊಟ್ಟಿಗಳಲ್ಲಿ ನಿಂತು, ಡೀಸೆಲ್ ಬೇರೆಯಾಗಿ ಡ್ರಮ್ಮಿಗೆ ಹೋಗುತ್ತಿತ್ತು. ನೋಡಲು ಬಂದ ಜಂಬುಲಿಂಗಪ್ಪ ಡ್ರಮ್ಮಿನಲ್ಲಿ ಇಣುಕಿ, "ಅಂತೂ ನಮ್ಮಪ್ಪನ ಕಾಲದ ಡೀಸೆಲ್ ನನ್ನ ಕೈಸೇರ್ತು" ಎಂದು ನಗಾಡಿದ.

"ತಗಂಡೋಗ್ರಿ ಸಾವ್ಕಾರ್ರೇ, ಒಂದ್ ಹನಿನೂ ಇಲ್ಲಿ ಬಿಡಬ್ಯಾಡ್ರಿ" ಎಂದಳು ಚೌಡಕ್ಕ. ತಿರುಗಿ ಹೊರಟ ಸಾಹುಕಾರ ನೊರೆಯ ಮೇಲೆ ಕಾಲಿಟ್ಟು ಜಾರಿ ಕೂತ. ಬಿಳಿ ಪಂಚೆ ಕಂದಾಯಿತು. ಎಬ್ಬಿಸಲು ಕೈ ಕೊಟ್ಟವಳೂ ಚೌಡಕ್ಕನೇ, ಹೊಟ್ಟೆ ಹಿಡಿದುಕೊಂಡು ನಕ್ಕವಳೂ ಅವಳೇ. ಅಂದಿನಿಂದ ಇಬ್ಬರ ನಡುವಿನ ಸಿಟ್ಟು ಅರ್ಧಕ್ಕರ್ಧ ಇಳಿಯಿತು.

ಶ್ರಾವಣ ಕಳೆದು ಭಾದ್ರಪದ ಬಂತು. ಮೇಲೆ ಬರುವ ನೀರು ದಿನದಿಂದ ದಿನಕ್ಕೆ ತೆಳುವಾಗಿ, ಒಂದು ಬೆಳಿಗ್ಗೆ ತಿಳಿಯಾಗಿ ಬಂದಿತು. ಗಾಜಿನ ಲೋಟದಲ್ಲಿ ಹಿಡಿದು ಸೂರ್ಯನಿಗೆ ಎತ್ತಿದರೆ ಆಚೆಯ ಗುಡ್ಡ ಕಾಣುತ್ತಿತ್ತು. ತ್ರಿವೇಣಿ ಅಂದು ಊರಲ್ಲಿರಲಿಲ್ಲ. ಮಣ್ಣು-ನೀರಿನ ಮಾದರಿ ತೆಗೆದುಕೊಂಡು ಪ್ರಯೋಗಾಲಯಕ್ಕೆ ಹೋಗಿದ್ದಳು. ಫಲಿತಾಂಶ ಬರುವವರೆಗೆ ಪಂಪು ಹೀಗೇ ಓಡಲಿ ಎಂದು ಹೇಳಿಯೇ ಹೋಗಿದ್ದಳು.

ಚೌಡಕ್ಕ ಲೋಟ ನೋಡಿದಳು. ಒಲೆಯ ಮನೆಯ ತೊಲೆಯಲ್ಲಿ ತೂಗುವ ಲಡಿ ನೆನಪಾಯಿತು. ನೀರು ತಿಳಿಯಾದ ಮೇಲೂ ಬೇಯಿಸಿದರೆ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಾರು? ಇನ್ನೂ ತೊಳೆದರೆ ಮಣ್ಣು ಸಡಿಲವಾಗಿ ಬಾವಿಯ ಕಲ್ಲೇ ಜರುಗೀತು ಎಂಬ ದಿಗಿಲು ಹುಟ್ಟಿತು.

"ಮುರುಗೇಶ, ನಿಲ್ಸಪ್ಪಾ. ಹದಕ್ಕೆ ಬಂದೈತೆ."

"ಮೇಡಂ ಬ್ಯಾಡ ಅಂದಾರೆ ಅಕ್ಕ."

"ಮೇಡಂ ಬಂದ್ಮೇಲೆ ನಾನ್ ಹೇಳ್ತೀನಿ. ಜಾಸ್ತಿ ಬೆಂದ್ರೆ ನೀನು ಜವಾಬ್ದಾರ್ನಾ?"

ಆ ದನಿಯ ಮುಂದೆ ಮುರುಗೇಶ ಎಷ್ಟು ಹೊತ್ತು ನಿಂತಾನು? ಪಂಪುಗಳೆಲ್ಲ ನಿಂತವು, ಬಾವಿಯ ಮುಂದಿನ ಸಾಲೂ ನಿಂತಿತು. ಚೌಡಕ್ಕ ಬಾವಿಗೆ ಹಗ್ಗ ಬಿಟ್ಟಳು. ನೀರಿನ ಮೇಲೆ ಪೊರೆಯಿಲ್ಲ. ಮೂಸಿದಳು, ಮೂಗಿಗೆ ಸೋಪಿನ ಮಂದ ವಾಸನೆ ಬಿಟ್ಟರೆ ಏನೂ ಇಲ್ಲ. ಅಲ್ಲಿಗೆ ಅವಳನ್ನು ಹಿಡಿಯುವವರಿಲ್ಲ. ಮನೆಮನೆಗೆ ಹೋಗಿ ನೂಲು ಕೇಳಿ ತಂದಳು, ಒಲೆ ಹಚ್ಚಿದಳು, ಮರುದಿನವೂ ಹಚ್ಚಿದಳು. ಮೂರನೇ ಬೆಳಿಗ್ಗೆ ಬೀದಿಯುದ್ದಕ್ಕೂ ಹಗ್ಗ ಕಟ್ಟಿ ಲಡಿಗಳನ್ನು ಹರವಿದಳು. ದ್ಯಾಮಮ್ಮನನ್ನು ಕೈಹಿಡಿದು ಕರೆತಂದು ಜಗಲಿಯ ಮೇಲೆ ಕೂರಿಸಿದಳು.

ಬೆಳಗಿನ ತಂಪಿನಲ್ಲಿ ಎಲ್ಲ ಚೆನ್ನಾಗಿತ್ತು. ಮೋಡ ಸರಿದು ಬಿಸಿಲು ಏರಿತು. ಮಧ್ಯಾಹ್ನದ ಹೊತ್ತಿಗೆ ಸೋಪಿನ ಪರಿಮಳ ಹಾರಿಹೋಗಿ, ಅದರ ಕೆಳಗೆ ಅಡಗಿದ್ದ ವಾಸನೆ ಎದ್ದಿತು. ಒಂದು ಲಡಿಯಿಂದಲ್ಲ, ಬೀದಿಯುದ್ದದ ಎಲ್ಲ ಲಡಿಗಳಿಂದ. ಊಟಕ್ಕೆ ಕೂತವರು ಎದ್ದು ಹೊರಗೆ ಬಂದರು. ದ್ಯಾಮಮ್ಮ ಲಡಿಯನ್ನು ಮುಟ್ಟಲೂ ಇಲ್ಲ. "ಇವತ್ತು ಬಿಸಿಲು ಜಾಸ್ತಿ" ಎಂದು ಸೆರಗು ಮೂಗಿಗೆ ಹಿಡಿದು ಎದ್ದುಹೋದಳು.

ಚೌಡಕ್ಕ ಬಾವಿಯ ಕಡೆ ಓಡಿದಳು. ಪೊರೆ ಮತ್ತೆ ಬಂದಿತ್ತು, ಮೊದಲಿಗಿಂತ ದಪ್ಪವಾಗಿ. ಬಾವಿಯ ಕಟ್ಟೆಯ ಮೇಲೆ ಕುಸಿದು ಕೂತಳು. ಬಾವಿಯನ್ನು ಜಂಬುಲಿಂಗಪ್ಪನ ಟ್ಯಾಂಕು ಅರ್ಧ ಕೊಂದಿತ್ತು, ಉಳಿದರ್ಧ ತನ್ನ ಬಾಯಿ ಕೊಂದಿತು ಎನಿಸಿತು.

ಸಂಜೆಯ ಬಸ್ಸಿಗೆ ತ್ರಿವೇಣಿ ಇಳಿದಳು. ನಿಂತ ಪಂಪು ನೋಡಿದ್ದೇ ಅವಳ ಮುಖ ಕೆಂಪಾಯಿತು. ಮೊದಲು ಬಾವಿಯ ಮುಂದಿನ ಸಾಲನ್ನು ಓಡಿಸಿ, ಆಮೇಲೆ ಚೌಡಕ್ಕನ ಕಡೆ ತಿರುಗಿದಳು.

"ನನ್ ಕೇಳ್ದೆ ಯಾಕಕ್ಕ ನಿಲ್ಸಿದ್ರಿ? ಮಣ್ಣಿಂದ ಬಿಟ್ಕಂಡಿದ್ದ ಡೀಸೆಲ್ ನೀರಾಗೆ ತೇಲ್ತಿತ್ತು. ಎಳಿಯೋದು ನಿಲ್ಸಿದ್ಕೆ ಅದು ಸೀದಾ ಬಾವಿಗೆ ಬಂದೈತೆ!"

"ನೀರು ತಿಳಿಯಾಗಿತ್ತಮ್ಮಾಯಿ," ಚೌಡಕ್ಕನ ದನಿ ಕೇಳಿಸುವಂತಿರಲಿಲ್ಲ. "ತಿಳಿಯಾದ್ಮೇಲೂ ಬೇಯಿಸ್ಬಾರ್ದು ಅಂತ... ನಂದೇ ತಪ್ಪು. ಬಾವಿ ಹೋಯ್ತಾ? ಅದೊಂದ್ ಹೇಳಿಬಿಡು."

ಆ ಪ್ರಶ್ನೆ ಕೇಳಿ ತ್ರಿವೇಣಿಯ ಸಿಟ್ಟು ಕರಗಿತು. ಪಕ್ಕದಲ್ಲಿ ಕೂತಳು. "ಹೋಗಿಲ್ಲಕ್ಕ. ಕೆಲ್ಸ ಹೆಚ್ಚಾಯ್ತು, ಅಷ್ಟೇ. ನೀವು ನಿಲ್ಸದಿದ್ರೂ ಮುಗೀತಿರ್ಲಿಲ್ಲ. ಪ್ರಯೋಗಾಲಯದೋರು ಅದನ್ನೇ ಹೇಳಿದ್ರು. ನೀರು ಸ್ವಚ್ಛ ಬರ್ತೈತೆ, ಮಣ್ಣಾಗೆ ಇನ್ನೂ ಐತೆ."

"ಅದೆಂಗೆ?"

ತ್ರಿವೇಣಿ ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದಳು. ಓಣಿಯ ಕೆಳಗೆ ಮರಳೂ ಇದೆ, ನಡುನಡುವೆ ಜೇಡಿಮಣ್ಣಿನ ಗಡ್ಡೆಗಳೂ ಇವೆ. ನೀರು ಸುಲಭದ ದಾರಿ ಹುಡುಕಿಕೊಂಡು ಮರಳಿನಲ್ಲೇ ಹರಿದು, ಅಲ್ಲಿ ತೊಳೆದು, ತಿಳಿಯಾಗಿ ಬರುತ್ತದೆ. ಜೇಡಿಯ ಬೆನ್ನಿಗೆ ಅಂಟಿಕೊಂಡ ಡೀಸೆಲ್ಲಿಗೆ ನೀರು ಮುಟ್ಟಿರುವುದೇ ಇಲ್ಲ. ಇದನ್ನು ಅವಳು ಸಾವಧಾನವಾಗಿ ಹೇಳಿ, "ಅದ್ಕೇ ನೀರು ಬಿಡೋ ದಿಕ್ಕು ಬದಲಾಯಿಸ್ಬೇಕು" ಎನ್ನುವಷ್ಟರಲ್ಲಿ ಚೌಡಕ್ಕ ಹಣೆ ಚಚ್ಚಿಕೊಂಡಳು.

"ಕೋಲಿನ ಮೇಲಿನ ಭಾಗ!"

"ಏನಕ್ಕ?"

ಚೌಡಕ್ಕ ಅವಳ ಕೈಹಿಡಿದು ಒಲೆಯ ಮನೆಗೆ ಎಳೆದುಕೊಂಡು ಹೋದಳು. ಖಾಲಿ ಹಂಡೆಗೆ ಅಡ್ಡಲಾಗಿ ಕೋಲು ಇಟ್ಟು, ಅದರ ಮೇಲೆ ಲಡಿ ಇಳಿಬಿಟ್ಟಳು. "ನೋಡು. ಇಷ್ಟೂ ನೀರಾಗೈತೆ, ಬೇಯ್ತೈತೆ. ಕೋಲಿನ ಮೇಲೆ ಕೂತ ಈ ಭಾಗ ನೀರೇ ಕಂಡಿರಲ್ಲ. ಅದ್ಕೇ ಲಡಿ ತಿರುಗಿಸ್ತಾ ಇರ್ತೀವಿ, ಮೇಲಿಂದು ಕೆಳಕ್ಕೆ, ಕೆಳಗಿಂದು ಮೇಲಕ್ಕೆ. ತಿರುಗಿಸ್ದೇ ಬೇಯಿಸಿ, ನೀರು ತಿಳಿಯಾಯ್ತು ಅಂತ ತೆಗುದ್ರೆ ಹೊನ್ನಕ್ಕ ನನ್ ಚರ್ಮ ಸುಲೀತಿದ್ಲು. ನೂಲಿಗೆ ಗೊತ್ತಿದ್ದ ಮಾತು ಮಣ್ಣಿಗೆ ಹೊಳೀಲಿಲ್ವಲ್ಲ ನಂಗೆ!"

ತ್ರಿವೇಣಿ ಲಡಿಯನ್ನು ಒಮ್ಮೆ ತಾನೇ ತಿರುಗಿಸಿ ನೋಡಿ ನಕ್ಕಳು. "ಇದೇ ಅಕ್ಕ, ನಾನ್ ಮಾಡ್ಬೇಕಂತಿರೋದು ಇದೇ. ಇನ್ಮೇಲೆ ಎಡದ ಸಾಲಿಂದ ಬಿಟ್ಟು ಬಲಕ್ಕೆ ಎಳೆಯೋಣ. ಆಮೇಲೆ ಬಲದಿಂದ ಎಡಕ್ಕೆ. ಇನ್ನೊಂದು, ಮಣ್ಣು ಜಾಸ್ತಿ ಬೇಯಲ್ಲ. ಅದ್ಕೆ ಹೆದರ್ಬ್ಯಾಡ್ರಿ."

ಮಾರನೇ ಬೆಳಿಗ್ಗೆ ಚೌಡಕ್ಕ ಮೊದಲು ಮಾಡಿದ ಕೆಲಸ, ಡೀಸೆಲ್ ನಾರುವ ಲಡಿಯೊಂದನ್ನು ತೊಲೆಗೆ ಕಟ್ಟಿದ್ದು. ಹೊನ್ನಕ್ಕ ಕಟ್ಟಿಸಿದ ಲಡಿಗೆ ಕೊನೆಗೂ ಜೊತೆ ಸಿಕ್ಕಿತು. ಹಾಳಾದ ಉಳಿದ ನೂಲಿಗೆಲ್ಲ ತಾನೇ ಹೊಣೆಯೆಂದು ಮನೆಮನೆಗೆ ಹೋಗಿ ಹೇಳಿಬಂದಳು. ಹೇಳುವಾಗ ತಲೆ ತಗ್ಗಿಸಿದ್ದಳು, ಹೇಳಿದ ಮೇಲೆ ಎತ್ತಿದಳು. ಅದೂ ಅವಳ ಸ್ವಭಾವವೇ.

ಅಲ್ಲಿಂದ ಮುಂದೆ ಓಣಿಯಲ್ಲಿ ಹೊಸದೊಂದು ಕೂಗು ಹುಟ್ಟಿತು. ದಿಕ್ಕು ಬದಲಿಸುವ ದಿನ ತ್ರಿವೇಣಿ ಕಣ್ಸನ್ನೆ ಮಾಡಿದರೆ ಸಾಕು, ಚೌಡಕ್ಕ ಕಟ್ಟೆ ಮೇಲೆ ನಿಂತು, "ಲಡಿ ತಿರುಗಿಸ್ರೋ!" ಎಂದು ಕೂಗುವಳು. ಮುರುಗೇಶ ಕವಾಟಗಳನ್ನು ತಿರುಗಿಸುವನು. ಮೊದಲ ಸಲ ತಿರುಗಿಸಿದಾಗಲೇ, ತಿಳಿಯಾಗಿ ಬರುತ್ತಿದ್ದ ನೀರು ಕಂದಾಗಿ, ನೊರೆಯಾಗಿ, ನಾರುತ್ತಾ ಮೇಲೆದ್ದಿತು. ಕೊಳಕು ನೀರು ನೋಡಿ ಕೈತಟ್ಟಿ ಕುಣಿದ ಹೆಂಗಸು ಈ ಸೀಮೆಯಲ್ಲಿ ಚೌಡಕ್ಕನೊಬ್ಬಳೇ. ಶೆಡ್ಡಿನ ಲಾರಿ ಡ್ರೈವರುಗಳೂ "ಲಡಿ ತಿರುಗಿಸ್ರೋ" ಎನ್ನತೊಡಗಿದರು. ಚಳ್ಳಕೆರೆಯಿಂದ ಫೋನ್ ಮಾಡಿದ ಜಂಬುಲಿಂಗಪ್ಪನೂ "ಇವತ್ತು ಲಡಿ ತಿರುಗಿಸಿದ್ರೇನವ್ವ?" ಎಂದೇ ಕೇಳುತ್ತಿದ್ದ.

ತಿಳಿಯಾದ ನೀರು, ಮತ್ತೆ ತಿರುವು, ಮತ್ತೆ ಕಂದು. ಪ್ರತಿ ತಿರುವಿಗೂ ಕಂದು ಕಡಿಮೆಯಾಗುತ್ತ ಬಂದಿತು. ಕೊನೆಗೆ ಯಾವ ದಿಕ್ಕಿಗೆ ತಿರುಗಿಸಿದರೂ ನೀರು ತಿಳಿಯಾಗಿಯೇ ಬರತೊಡಗಿತು. ಮಣ್ಣಲ್ಲಿ ಉಳಿದ ದ್ರಾವಣ ಹೋಗಲೆಂದು ಬರಿಯ ನೀರು ಬಿಟ್ಟು ಜಾಲಿಸಿದರು. ತ್ರಿವೇಣಿ ಓಣಿಯ ಉದ್ದಗಲಕ್ಕೂ ಮಣ್ಣು ತೆಗೆಸಿ, ಬಾವಿಯ ನೀರಿನ ಜೊತೆ ಪರೀಕ್ಷೆಗೆ ಕಳಿಸಿದಳು. ಫಲಿತಾಂಶ ಬಂದಾಗ ಅವಳು ಓಡಿಬಂದ ರಭಸಕ್ಕೆ ಜಗಲಿಯ ಮೇಲಿದ್ದ ರಾಟೆ ಉರುಳಿತು.

"ಅಕ್ಕ, ಆಯ್ತು! ಮಣ್ಣೂ ಸ್ವಚ್ಛ, ನೀರೂ ಸ್ವಚ್ಛ. ಪಂಪು ನಿಲ್ಸಬಹುದು!"

ಚೌಡಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿ, "ಇನ್ನೊಂದ್ಸಲ ತಿರುಗಿಸಿಬಿಡೋಣ" ಎಂದಳು.

"ಬ್ಯಾಡಕ್ಕ, ಮುಗೀತು."

"ನಿಂಗೇನ್ ಗೊತ್ತು? ಮಣ್ಣೇನ್ ಜಾಸ್ತಿ ಬೇಯಲ್ಲ ಅಂದಿದ್ಯಲ್ಲ!"

ತ್ರಿವೇಣಿ ನಗುನಗುತ್ತಲೇ ಕೈಮುಗಿದಳು. ಕೊನೆಗೆ ಚೌಡಕ್ಕನ ಸಮಾಧಾನಕ್ಕೆಂದು ಇನ್ನೊಂದು ತಿರುವು ಆಯಿತು, ಇನ್ನೊಂದು ಪರೀಕ್ಷೆಯೂ ಆಯಿತು. ಆಮೇಲೆ ಪಂಪು ನಿಲ್ಲಿಸಿ, ಕಾದು ನೋಡಿ, ಮತ್ತೆ ಬಾವಿಯ ನೀರು ಕಳಿಸಿದರು. ಆಗಲೂ ಅದೇ ಉತ್ತರ ಬಂದಿತು. ಹಾಗಾದರೂ ಬೀದಿಗೆ ಬೇಕಾದ ಪರೀಕ್ಷೆ ಬೇರೆಯೇ ಇತ್ತು, ಅದನ್ನು ಚೌಡಕ್ಕ ಬಲ್ಲಳು.

ಕಾರ್ತೀಕದ ಒಂದು ಬೆಳಿಗ್ಗೆ ಒಲೆ ಹಚ್ಚಿದಳು. ಈ ಸಲ ಯಾರನ್ನೂ ಕೂಗಲಿಲ್ಲ, ಯಾರ ನೂಲನ್ನೂ ಕೇಳಲಿಲ್ಲ. ಸೂರಪ್ಪ ತನ್ನ ಮಗ್ಗಕ್ಕೆಂದು ಇಟ್ಟುಕೊಂಡಿದ್ದ ಹಸಿ ರೇಷ್ಮೆಯಿಂದ ಒಂದೇ ಒಂದು ಲಡಿ ತಂದುಕೊಟ್ಟ. ಬಾವಿಯ ನೀರು ಸೇದಿ, ಸೋಪು ಕರಗಿಸಿ, ಲಡಿ ಇಳಿಬಿಟ್ಟು ತಿರುಗಿಸುತ್ತಾ ಕೂತಳು. ಸೋಪು ಒಡೆಯಲಿಲ್ಲ, ಬೆಣ್ಣೆಯಂಥ ನೊರೆ ಎದ್ದಿತು. ಜಾಲಿಸಿ ಹಿಂಡಿದಾಗ ಲಡಿ, ಅಂಟು ಪೂರ್ತಿ ಬಿಟ್ಟ ರೇಷ್ಮೆಯಂತೆ, ಅಂಗೈಯಲ್ಲಿ ಕಿರ್ ಎಂದಿತು. ಅದನ್ನು ಬೀದಿಯ ನಟ್ಟನಡುವೆ, ನೆರಳು ಸುಳಿಯದ ಜಾಗದಲ್ಲಿ ಹಗ್ಗಕ್ಕೆ ಹಾಕಿ, ತಾನು ಜಗಲಿಯ ಮೇಲೆ ಬಾಯಿ ಮುಚ್ಚಿಕೊಂಡು ಕೂತಳು. ಚೌಡಕ್ಕ ಸುಮ್ಮನೆ ಕೂತಿದ್ದಾಳೆ ಎಂಬ ಸುದ್ದಿಗೇ ಅರ್ಧ ಬೀದಿ ಹೊರಗೆ ಬಂದಿತು.

ಬಿಸಿಲು ಏರಿತು. ಬಂಡೆಗುಡ್ಡ ಕಾದು ಬೀದಿಗೆ ಝಳ ಬಡಿಯಿತು. ಜಂಬುಲಿಂಗಪ್ಪನ ಕಾರು ಬಂದು ನಿಂತಿತು. ಅವನೂ ಜಗಲಿಯ ತುದಿಯಲ್ಲಿ ಕೂತ. ತ್ರಿವೇಣಿ ಉಗುರು ಕಚ್ಚುತ್ತ ನಿಂತಿದ್ದಳು, ಪಂಪು ಬಿಚ್ಚಲು ಬಂದಿದ್ದ ಮುರುಗೇಶನೂ ಪಕ್ಕದಲ್ಲಿದ್ದ. ಮಧ್ಯಾಹ್ನ ತಿರುಗಿದ ಮೇಲೆ ದ್ಯಾಮಮ್ಮನ ಬಾಗಿಲು ತೆರೆಯಿತು.

ಮುದುಕಿ ಅವಸರವಿಲ್ಲದೆ ನಡೆದುಬಂದಳು. ಲಡಿಯನ್ನು ಹಗ್ಗದಿಂದ ಎತ್ತಿ ಮೂಗಿಗೆ ಹಿಡಿದಳು. ಕಣ್ಣು ಮುಚ್ಚಿ ಉಸಿರೆಳೆದಳು. ಲಡಿಯನ್ನು ತಿರುಗಿಸಿ ಇನ್ನೊಂದು ಬದಿಗೂ ಮೂಗಿಟ್ಟಳು. ಆಮೇಲೆ ಕೆನ್ನೆಗೆ ಒತ್ತಿಕೊಂಡಳು. ಬೀದಿಯಲ್ಲಿ ಒಂದು ಮಗ್ಗದ ಸದ್ದೂ ಇರಲಿಲ್ಲ.

ದ್ಯಾಮಮ್ಮ ಲಡಿಯನ್ನು ಹೆಗಲ ಮೇಲೆ ಹಾಕಿಕೊಂಡಳು.

ತ್ರಿವೇಣಿ ಕೂಗಿಯೇಬಿಟ್ಟಳು. ಜಂಬುಲಿಂಗಪ್ಪ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ. ಸೂರಪ್ಪ ಏನೋ ಹೇಳಲು ಹೋದ, ಅಭ್ಯಾಸವಿಲ್ಲದೆ ಕೆಮ್ಮು ಬಂದಿತು. ಚೌಡಕ್ಕ ಮಾತ್ರ ಕೂತಲ್ಲೇ ಕೂತಿದ್ದಳು, ಕಣ್ಣೀರು ಧಾರಾಕಾರ ಇಳಿಯುತ್ತಿತ್ತು, ಒರೆಸಿಕೊಳ್ಳುವ ಯೋಚನೆಯೂ ಬಂದಿರಲಿಲ್ಲ. ಪದ್ಧತಿಯ ಪ್ರಕಾರ ದ್ಯಾಮಮ್ಮ ಮಾತಿಲ್ಲದೆ ಹೊರಡಬೇಕಿತ್ತು. ಎರಡು ಹೆಜ್ಜೆ ಹೋದವಳು ನಿಂತು ತಿರುಗಿ ನೋಡಿದಳು.

"ಒಂದೇ ಬೇಯಿಸಿ ಕೂತಿದ್ದೀಯಲ್ಲೇ ಚೌಡಿ, ನನ್ ಸಾಲು ಮಗ್ಗಕ್ಕೆ ಇದೊಂದು ಸಾಕಾಗ್ತೈತಾ? ಏಳು, ಒಲೆ ಆರಕ್ಕೆ ಮೊದ್ಲು ನೂಲು ಕಳಿಸ್ತೀನಿ."

ಚೌಡಕ್ಕ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಡೀ ಬೀದಿಗೆ ಕೇಳುವ ತನ್ನ ಹಳೆಯ ದನಿಯಲ್ಲಿ ಕೂಗಿದಳು: "ಲೇ ಮುರುಗೇಶ, ಪಂಪು ಮರೆತುಬಿಡು, ಸೌದೆ ತಗಂಬಾರೋ!"